ಒದ್ದೆ ಮೈಗೆ ಎಣ್ಣೆ

“ಕೈ ತೆಗಿ ಅಮ್ಮ. ಅವನ ಮೇಲಿಂದ ಕೈ ತೆಗಿ ಅಂದೆ.”

“ಬಚ್ಚಲಿಗೆ ಬಂದು ಕೂಗಾಡಬೇಡ. ಇನ್ನು ಬೆನ್ನೊಂದೇ ಉಳಿದಿರೋದು.”

“ರಕ್ತ ಬರ್ತಿದೆ, ಕಾಣಿಸ್ತಿಲ್ವಾ ನಿನಗೆ?”

ಕಾಣಿಸುತ್ತಿತ್ತು. ಆದರೂ ಉಜ್ಜುತ್ತಿದ್ದೆ. ಕಾಲು ನೀಡಿಕೊಂಡು ಕೂತಿದ್ದೆ, ಐದು ತಿಂಗಳ ಮೊಮ್ಮಗ ತೇಜ ನನ್ನ ಕಾಲ ಮೇಲೆ ಬೋರಲು ಮಲಗಿ ಕಿರುಚುತ್ತಿದ್ದ. ನನ್ನ ಕೈಯಲ್ಲಿ ಕಡಲೆಹಿಟ್ಟಿನ ಉಂಡೆ. ಅವನ ಕಣಕಾಲಿನ ಚರ್ಮ ಬತ್ತಿದ ಕೆರೆಯ ಮಣ್ಣಿನ ಹಾಗೆ ಕಂದು ಕಂದಾಗಿ ಬಿರಿದಿತ್ತು.

“ಉಜ್ಜದಿದ್ರೆ ಇದು ದಪ್ಪ ಆಗುತ್ತೆ. ಚಳಿಗಾಲದಲ್ಲಿ ಸೀಳು ಬಿಡುತ್ತೆ, ಬಟ್ಟೆ ತಾಗಿದರೂ ಉರಿಯುತ್ತೆ. ನಿನಗೇನು ಗೊತ್ತು?”

“ನಿನಗೆ ಹೇಗೆ ಗೊತ್ತು?” ಅಂದಳು ಶ್ರಾವಣಿ.

ನಾನು ಹಿಟ್ಟಿನ ಉಂಡೆಯನ್ನು ಕೆಳಗಿಟ್ಟೆ. ಅವಳು ಕೂಸನ್ನು ಎತ್ತಿಕೊಂಡು ಕರಿ ಟವೆಲಿನಲ್ಲಿ ಸುತ್ತಿದಳು.

“ಯಾರಿಗಿತ್ತು ಅಮ್ಮ?”

“ಫಣಿಗೆ.”

ಫಣಿ ನನ್ನ ತಮ್ಮ. ಅವನು ಊರು ಬಿಟ್ಟು ಹೋದ ಅಂತಷ್ಟೇ ಅವಳಿಗೆ ಹೇಳಿದ್ದೆ.

ಬಳ್ಳಾರಿ ಕಡೆಯ ನಮ್ಮೂರಲ್ಲಿ ಪ್ರತಿ ಶನಿವಾರ ಅವನಿಗೆ ನಾನೇ ಸ್ನಾನ ಮಾಡಿಸುತ್ತಿದ್ದೆ. ಮೊದಲು ಎಣ್ಣೆ, ಆಮೇಲೆ ಸುಡುಸುಡು ನೀರು, ಸೀಗೆಪುಡಿ, ಒಣಗಿದ ಹೀರೇಕಾಯಿ ನಾರು. ಪೊರೆ ಕಿತ್ತು ಬರುವವರೆಗೂ ಉಜ್ಜು ಅನ್ನುತ್ತಿದ್ದಳು ಅವ್ವ. ಮೂರನೇ ದಿನಕ್ಕೆ ಅದು ಮತ್ತೆ ಬರುತ್ತಿತ್ತು, ಮೊದಲಿಗಿಂತ ಒರಟಾಗಿ. ಅವನು ಎದ್ದ ಜಾಗದಲ್ಲೆಲ್ಲ ಬೂದಿಯಂಥ ಪುಡಿ. ಮೇ ತಿಂಗಳಲ್ಲೂ ತುಂಬುತೋಳಿನ ಅಂಗಿ.

ನನ್ನನ್ನು ನೋಡಲು ವಿಶಾಖಪಟ್ಟಣದಿಂದ ಗಂಡಿನ ಕಡೆಯವರು ಬಂದ ದಿನ, “ಅವರು ಹೋಗೋವರೆಗೂ ಉಗ್ರಾಣದಿಂದ ಹೊರಗೆ ಬರಬೇಡ” ಅಂದವಳು ನಾನೇ. ಅವ್ವ ಅಲ್ಲ. ಅವರು ಹೋದ ಮೇಲೆ ಬಾಗಿಲು ತೆಗೆದರೆ ಕಿಟಕಿ ತೆರೆದಿತ್ತು. ಹದಿನೆಂಟು ವರ್ಷದ ಹುಡುಗ. ಸಮುದ್ರದ ಗಾಳಿಗೆ ಮೈ ಮೆತ್ತಗಾಗುತ್ತದಂತೆ ಅಂತ ಆಗಾಗ ಹೇಳುತ್ತಿದ್ದ. ಅವ್ವ ಸಾಯುವವರೆಗೂ ಅವನ ಮೈಪುಡಿ ಅಂಟಿದ್ದ ಕರಿಕಂಬಳಿ ಕೊಡವಲಿಲ್ಲ. ನಾನು ಮದುವೆಯಾಗಿ ವಿಶಾಖಪಟ್ಟಣದ ಗಾಜುವಾಕಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಇವತ್ತಿಗೂ ಬಸ್ಸಿನಲ್ಲಿ ಬೇಸಿಗೆಯಲ್ಲಿ ತುಂಬುತೋಳು ಹಾಕಿದ ಗಂಡಸು ಕಂಡರೆ ಅವನ ಬೆರಳ ಗಿಣ್ಣು ನೋಡುತ್ತೇನೆ. ಒಮ್ಮೆ ಭೀಮುನಿಪಟ್ಟಣದವರೆಗೂ ಒಬ್ಬನ ಹಿಂದೆ ಹೋಗಿದ್ದೆ. ಯಾರೋ ಬಲೆ ಹೆಣೆಯುವವನು.

ಇಷ್ಟನ್ನೂ ಬಚ್ಚಲ ಕಲ್ಲಿನ ಮೇಲೆ ಕೂತೇ ಹೇಳಿದೆ. ಶ್ರಾವಣಿ ನಿಂತೇ ಕೇಳಿದಳು.

“ದ್ವಾರಕಾ ನಗರದ ಡಾಕ್ಟರಮ್ಮ ಕೇಳಿದ್ರಲ್ಲ, ತಾಯಿ ಕಡೆ ಗಂಡಸರಿಗೆ ಯಾರಿಗಾದರೂ ಇತ್ತಾ ಅಂತ. ನೀನು ನನ್ನ ಪಕ್ಕದಲ್ಲೇ ಕೂತು ಯಾರಿಗೂ ಇಲ್ಲ ಅಂದೆ.”

“ನಿಮ್ಮತ್ತೆಗೆ ತಿಳಿದರೆ ನಿನ್ನನ್ನೇ ಅಂತಾರೆ. ಹೆಣ್ಣಿನ ಕಡೆಯಿಂದ ಬಂತು ಅಂತಾರೆ.”

“ನನ್ನ ಕಡೆಯಿಂದಲೇ ಬಂದಿರೋದು. ನಿನ್ನಿಂದ ನನಗೆ, ನನ್ನಿಂದ ಇವನಿಗೆ. ಹೆಂಗಸರ ಮೈಮೇಲೆ ಕಾಣಲ್ಲ, ಗಂಡುಮಕ್ಕಳಿಗೆ ಬರುತ್ತೆ, ಹಾಗಿರಬಹುದು ಅಂತಲೇ ಅವರು ಕೇಳಿದ್ದು. ನೀನು ಇಲ್ಲ ಅಂದಿದ್ದಕ್ಕೆ ಬೇರೆ ಏನೋ ಅಂದ್ಕೊಂಡು ಬೇರೆ ಟ್ಯೂಬ್ ಬರೆದರು. ಒಂದೂವರೆ ತಿಂಗಳು ಹಚ್ಚಿದ್ದೀವಿ, ಅಮ್ಮ.”

ಆಮೇಲೆ ತೆಲುಗಿನಲ್ಲಿ ಬೈದಳು. ಸಿಟ್ಟು ಜಾಸ್ತಿಯಾದರೆ ಅವಳಿಗೆ ಕನ್ನಡ ಸಾಲುವುದಿಲ್ಲ. ನಾನೂ ಬೈದೆ. ನಿನ್ನನ್ನು ಸಾಕಿದ್ದು ಇದೇ ಕೈ ಅಂದೆ.

“ಹೌದು. ಸೋಮವಾರದಿಂದ ಇವನನ್ನ ಇದೇ ಕೈಗೆ ಒಪ್ಪಿಸಿ ಮತ್ತೆ ಬ್ಯಾಂಕ್ ಕೆಲಸಕ್ಕೆ ಹೋಗ್ಬೇಕು ಅಂತಿದ್ದೆ. ಒಂದು ವರ್ಷ.”

ಆ ಒಂದು ವರ್ಷಕ್ಕಾಗಿ ನಾನು ತೊಟ್ಟಿಲು ಕೊಂಡಿದ್ದೆ.

ಅವಳು ಟಬ್ಬಿಗೆ ಉಗುರುಬೆಚ್ಚಗಿನ ನೀರು ಹಾಕಿ, ಕೂಸನ್ನು ಅದರಲ್ಲಿ ಕೂರಿಸಿ ಸುಮ್ಮನೆ ಹಿಡಿದುಕೊಂಡಳು. ಸೋಪಿಲ್ಲ, ಹಿಟ್ಟಿಲ್ಲ. ಹತ್ತು ನಿಮಿಷ. ಹೊರಗೆ ತೆಗೆದು ಒರೆಸಲಿಲ್ಲ, ಟವೆಲಿನಿಂದ ಮೆಲ್ಲಗೆ ಒತ್ತಿದಳು. ಮೈ ಇನ್ನೂ ಹಸಿಯಾಗಿರುವಾಗಲೇ ಮೊದಲ ದಿನ ಡಾಕ್ಟರಮ್ಮ ಕೊಟ್ಟಿದ್ದ ಬಿಳಿ ಮುಲಾಮನ್ನು ಗಾಯ ಬಿಟ್ಟು ಮೈಗೆಲ್ಲ ಸವರಿದಳು. ಆ ಡಬ್ಬಿಯನ್ನು ನಾನು ಮುಚ್ಚಳ ತೆಗೆಯದೆ ಬೀರುವಿನಲ್ಲಿ ಇಟ್ಟಿದ್ದೆ. ಮಿಂದ ಮೈಗೆ ಜಿಡ್ಡು ಮುಟ್ಟಿಸಬಾರದು ಅನ್ನುತ್ತಿದ್ದಳು ಅವ್ವ.

ತೇಜ ಬಿಕ್ಕುವುದನ್ನು ನಿಲ್ಲಿಸಿದ. ಕಾಲು ಕಾಲಿಗೆ ತಿಕ್ಕಿಕೊಳ್ಳದೆ ನಿದ್ದೆ ಹೋದ. ಅವನು ಹಾಗೆ ಮಲಗಿದ್ದನ್ನು ನಾನು ನೋಡೇ ಇರಲಿಲ್ಲ.

ಫಣಿಗೂ ಇಷ್ಟೇ ಸಾಕಾಗಿತ್ತು. ಎಣ್ಣೆ ಇತ್ತು, ನೀರು ಇತ್ತು. ನಾವು ಹಿಂದುಮುಂದು ಮಾಡಿದೆವು.

“ಇದು ಹೋಗಲ್ಲ ಅಮ್ಮ. ಜೀವಮಾನವೆಲ್ಲ ದಿನಕ್ಕೆರಡು ಸಲ ಹಚ್ಚಬೇಕು. ಅಷ್ಟೇ,” ಅಂದಳು ಬ್ಯಾಗು ತುಂಬುತ್ತಾ.

“ನಾನು ಹಚ್ತೀನಿ. ನೋಡಿದೆನಲ್ಲ.”

“ಮುಂದಿನ ಸಲ ಡಾಕ್ಟರ್ ಏನಾದರೂ ಕೇಳಿದ್ರೆ?”

ಹೇಳುತ್ತೇನೆ ಅನ್ನಬೇಕಿತ್ತು. “ನಿಮ್ಮತ್ತೆ ಮನೆಯವರು ಪಕ್ಕದಲ್ಲಿ ಇಲ್ಲದಿದ್ದರೆ ಹೇಳ್ತೀನಿ” ಅಂದುಬಿಟ್ಟೆ.

ಅವಳು ಜಿಪ್ಪು ಎಳೆದಳು.

ಅವಳ ಗಂಡನ ಮನೆ ವಿಜಯವಾಡದಲ್ಲಿ; ಮಧ್ಯಾಹ್ನದ ರೈಲಿಗೆ ಆಟೋ ಬಂತು. ಸ್ಟೀಲ್ ಪ್ಲಾಂಟಿನಿಂದ ಅವಳ ಅಪ್ಪ ಬರುವವರೆಗಾದರೂ ಇರು ಅಂದೆ. ಗೇಟಿನ ಹತ್ತಿರ ಒಂದೇ ಒಂದು ಸಲ ತಿರುಗಿದಳು.

“ಫಣಿ ಮಾವ ಅಳ್ತಿದ್ನಾ, ನೀನು ಉಜ್ಜುವಾಗ?”

“ಇಲ್ಲ. ಚಿಕ್ಕವನಿದ್ದಾಗ ಅಳ್ತಿದ್ದ. ಆಮೇಲೆ ಬಿಟ್ಟ.”

ಅವಳು ಕೂಸಿನ ಮುಖಕ್ಕೆ ಸೆರಗು ಮುಚ್ಚಿ ಆಟೋ ಹತ್ತಿದಳು. ಮತ್ತೆ ಈ ಮನೆಗೆ ಬರಲಿಲ್ಲ. ಕರಿ ಟವೆಲು ಬಚ್ಚಲ ಗೂಟದಲ್ಲೇ ಇದೆ. ನಾನು ಕೊಡವಿಲ್ಲ.