ಏಳನೇ ನಂಬರಿನ ತಳದ ನೀರು

ಹಾರದೆ ನಿಂತ ವಿಮಾನಕ್ಕೆ ಖರ್ಚಿಲ್ಲ ಅಂದುಕೊಂಡವರು ಅದನ್ನು ಸಾಕಿ ನೋಡಿಲ್ಲ. ನಾಲ್ಕು ಎಂಜಿನ್ನಿನ ದೊಡ್ಡ ವಿಮಾನವೊಂದು ಬಯಲಿನಲ್ಲಿ ತಿಂಗಳೊಂದು ಸುಮ್ಮನೆ ನಿಲ್ಲುವುದಕ್ಕೆ ಕೊಡುವ ನೆಲಬಾಡಿಗೆ, ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕಿನ ಆರು ತಿಂಗಳ ಸಂಬಳ. ಎಂಜಿನ್ನುಗಳ ಬಾಯಿಗೆ ಕಟ್ಟುವ ಮುಸುಕಿಗೆ ಅವನ ಎರಡು ತಿಂಗಳ ಸಂಬಳ. ತೇವ ಹೀರುವ ಚೀಲಗಳು, ಕಿಟಕಿಗೆ ಅಂಟಿಸುವ ಬೆಳ್ಳಿ ಹಾಳೆ, ಹಕ್ಕಿ ಹುಳು ಹೊಗದಂತೆ ತೂತುತೂತಿಗೂ ಹಚ್ಚುವ ಟೇಪು, ಇವೆಲ್ಲ ಸೇರಿ ಇನ್ನೊಂದು ಸಂಬಳ. ಚಕ್ರ ಹದಿನೆಂಟು, ಒಂದೊಂದು ಟೈರಿಗೂ ಒಂದೂವರೆ ಸಂಬಳ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಮೆಕ್ಯಾನಿಕ್ಕೇ. ನಿಂತದ್ದನ್ನು ಮತ್ತೆ ಹಾರಿಸಬೇಕೆಂದರೆ ಅಂಥ ಮುನ್ನೂರು ಜನರ ವರ್ಷದ ಸಂಬಳ ಸುರಿಯಬೇಕು. ಹಾಗಾಗಿ ಕಂಪನಿಯವರು, ಅಕ್ಕಪಕ್ಕ ನಿಂತಿದ್ದ ಏಳನೇ ನಂಬರು ಮತ್ತು ಎಂಟನೇ ನಂಬರಿನಲ್ಲಿ ಒಂದನ್ನು ಮಾತ್ರ ಎಬ್ಬಿಸುವುದು, ಇನ್ನೊಂದನ್ನು ಬಿಚ್ಚಿ ಬಿಡಿಭಾಗಕ್ಕೆ ಬಳಸುವುದು ಎಂದು ತೀರ್ಮಾನಿಸಿದರು. ಎದ್ದ ವಿಮಾನದ ಮೆಕ್ಯಾನಿಕ್ಕಿಗೆ ದೊಡ್ಡ ಊರಿನಲ್ಲಿ ಕಾಯಂ ಕೆಲಸ, ಇರಲು ಮನೆ. ಉಳಿದವನಿಗೆ ಬಿಚ್ಚಲು ಸ್ಪ್ಯಾನರು.

ಏಳನ್ನು ಮೂರು ವರ್ಷ ನೋಡಿಕೊಂಡವನು ದೊಡ್ಡಳಿಯ. ಎಂಟನ್ನು ನೋಡಿಕೊಂಡವನು ಚಿಕ್ಕಳಿಯ. ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಅತ್ತೆ ಕರೆಯುವ ಹೆಸರೇ ಕೆಲಸದ ಜಾಗದಲ್ಲೂ ನಿಂತುಬಿಟ್ಟಿತ್ತು.

ದೊಡ್ಡಳಿಯನ ಕೆಲಸ ಗಡಿಯಾರದ ಹಾಗೆ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗಬಾರದೆಂದು ಪ್ರತಿ ಸೋಮವಾರ ಟ್ರ್ಯಾಕ್ಟರಿನಿಂದ ವಿಮಾನವನ್ನು ಚಕ್ರ ಕಾಲು ಸುತ್ತು ತಿರುಗುವಷ್ಟು ಎಳೆಸುತ್ತಿದ್ದ. ತಿರುಗಿದಷ್ಟಕ್ಕೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಅದಾದ ಕೂಡಲೇ ರೆಕ್ಕೆಯಡಿಗೆ ನುಗ್ಗಿ, ಇಂಧನದ ಟ್ಯಾಂಕಿನ ತಳದಲ್ಲಿ ತೇವದಿಂದ ಕೂಡಿ ಕೂತ ನೀರನ್ನು ಸೀಸೆಗೆ ಬಿಟ್ಟು, ಪುಸ್ತಕದಲ್ಲಿ ಸಹಿ ಹಾಕಿ, ಕೈ ತೊಳೆಯುವ ಹೊತ್ತಿಗೆ ಹನ್ನೊಂದು. ಪಕ್ಕದಲ್ಲಿ ಚಿಕ್ಕಳಿಯ ಎಂಟರ ನೆರಳಿನಲ್ಲಿ ಟೋಪಿ ಮುಖಕ್ಕೆ ಹಾಕಿಕೊಂಡು ಮಲಗಿರುತ್ತಿದ್ದ.

ಮಾಡಿದವನಿಗೆ ಸಿಗಬೇಕಾದದ್ದು ಮಲಗಿದವನಿಗೆ ಸಿಕ್ಕಿತು. ಎಂಟರ ದುಬಾರಿ ದೊಡ್ಡ ತಪಾಸಣೆಗೆ ಇನ್ನೂ ಎರಡು ವರ್ಷ ಬಾಕಿಯಿತ್ತು, ಏಳಕ್ಕೆ ಏಳೇ ತಿಂಗಳು. ಕಂಪನಿಯಿಂದ ಬಂದ ಇಂಜಿನಿಯರಮ್ಮ ಕಾಗದ ನೋಡಿ ಎಂಟನ್ನೇ ಎಬ್ಬಿಸುವುದು ಎಂದಳು, ಅಷ್ಟೇ.

ಸಂಜೆ ದೊಡ್ಡಳಿಯನ ಹೆಂಡತಿ ಬಟ್ಟೆ ಮಡಚುತ್ತ, "ನನ್ನ ತಂಗಿ ಆಗ್ಲೇ ಪೆಟ್ಟಿಗೆ ಕಟ್ಟೋಕೆ ಶುರು ಮಾಡಿದ್ದಾಳಂತೆ" ಅಂದಳು.

"ಕಟ್ಟಲಿ ಬಿಡು."

"ಅಮ್ಮ ಫೋನ್ ಮಾಡಿದ್ಲು. ಚಿಕ್ಕಳಿಯ ಅದೃಷ್ಟವಂತನಂತೆ."

"ನಾನು?"

"ನೀವು ಕಷ್ಟಜೀವಿಯಂತೆ."

ಬೈದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ. ಹೆಂಡತಿ ಅದನ್ನು ಕಂಡಳು. "ಮೂರು ವರ್ಷ ಆ ವಿಮಾನ ಒರೆಸಿದ್ರಲ್ಲ, ಅದರಲ್ಲಿ ಕಾಲು ಭಾಗ ಈ ಕಿಟಕಿ ಒರೆಸಿದ್ರೆ ಮನೆಗೆ ಬೆಳಕಾದ್ರೂ ಬರ್ತಿತ್ತು" ಎಂದು ನಗಿಸಲು ನೋಡಿದಳು. ಅವನು ನಗಲಿಲ್ಲ. ಊಟವೂ ಸೇರಲಿಲ್ಲ.

ಮರುದಿನದಿಂದ ಏಳನ್ನು ಬಿಚ್ಚುವ ಕೆಲಸ. ಮೊದಲು ಹೋದದ್ದು ಟೈರುಗಳು. ಎಂಟರ ಟೈರು ಚಪ್ಪಟೆಯಾಗಿದ್ದವು, ನಿಂತ ವಿಮಾನಕ್ಕೆ ಅದು ಸಹಜವೆಂದು ಯಾರೂ ಕಾರಣ ಕೇಳಲಿಲ್ಲ; ಏಳರವು ಹೊಸದರಂತೆ ದುಂಡಗಿದ್ದವು. ಹದಿನೆಂಟನ್ನೂ ಒಂದೊಂದಾಗಿ ಕಳಚಿ ಷಡ್ಡಕನ ವಿಮಾನಕ್ಕೆ ಉರುಳಿಸಿಕೊಡುವಾಗ, ಹೆತ್ತ ಮಗಳ ಬಳೆ ಬಿಚ್ಚಿ ಪಕ್ಕದ ಮನೆಯವಳ ಕೈಗೆ ತೊಡಿಸಿದಂತಾಯಿತು ಅವನಿಗೆ. ಆಮೇಲೆ ಎರಡು ಪಂಪು. ಆಮೇಲೆ ಕಾಕ್‌ಪಿಟ್ಟಿನ ಗಾಜು. ಅದನ್ನಂತೂ ಅವನು ತನ್ನ ಹಳೆ ಬನಿಯನ್ನಿನಲ್ಲಿ ಒರೆಸಿ ಇಟ್ಟಿದ್ದ.

ಮೂರನೆಯ ದಿನ ತಡೆಯಲಾಗಲಿಲ್ಲ. ಇಂಜಿನಿಯರಮ್ಮನ ಹತ್ತಿರ ಹೋದ.

"ಮೇಡಂ, ಎಂಟರ ಟ್ಯಾಂಕ್ ಒಂದ್ಸಲ ನೋಡಿಸಿ. ಅವನು ನೀರು ಬಿಟ್ಟಿದ್ದು ಮೂರು ವರ್ಷದಲ್ಲಿ ನಾನಂತೂ ಕಂಡಿಲ್ಲ. ನೀರು ನಿಂತ್ರೆ ಪಾಚಿ ಕಟ್ಟುತ್ತೆ, ಪಾಚಿ ಫಿಲ್ಟರಿಗೆ ಹೋದ್ರೆ ಎಂಜಿನ್ ಉಸಿರು ಕಟ್ಟುತ್ತೆ."

ಅವಳು ಕನ್ನಡಕದ ಮೇಲಿಂದ ನೋಡಿದಳು. "ಹೊಟ್ಟೆಕಿಚ್ಚಾ?"

"ಅದೂ ಇದೆ ಮೇಡಂ. ಇಲ್ಲ ಅನ್ನಲ್ಲ. ಆದ್ರೂ ನೋಡಿ."

ಎಲ್ಲರೂ ಎಂಟರ ರೆಕ್ಕೆಯಡಿ ಸೇರಿದರು. ಚಿಕ್ಕಳಿಯನೇ ಬಾಗಿ ಸೀಸೆ ಹಿಡಿದ. ಇಂಧನ ಬಂತು, ಸೀಸೆ ತುಂಬಿತು. ಇಂಜಿನಿಯರಮ್ಮ ಬಿಸಿಲಿಗೆ ಹಿಡಿದಳು. ಒಂದು ಕಣ ಕಸವಿಲ್ಲ, ಒಂದು ಹನಿ ನೀರಿಲ್ಲ. ಸೀಸೆಯ ಹಿಂದಿದ್ದ ಬೆರಳ ಗೆರೆ ಎಣಿಸಬಹುದಿತ್ತು.

ವಿಮಾನ ಚೆನ್ನಾಗಿದೆ ಎಂದು ಸಂತೋಷಪಡಬೇಕಾದ ಮೆಕ್ಯಾನಿಕ್ಕಿನ ಮುಖ ಪೆಚ್ಚಾಯಿತು. ಕೊಳೆ ಬರಲಿ ಎಂದು ತಾನು ಹಾರೈಸಿದ್ದೆ ಎಂಬುದು ದೊಡ್ಡಳಿಯನಿಗೆ ಅಲ್ಲೇ ಗೊತ್ತಾಯಿತು. ವಿಮಾನ ಹಾಳಾಗಿರಲಿ ಎಂದು ಬಯಸುವ ಮೆಕ್ಯಾನಿಕ್ಕು!

ಎಲ್ಲರೂ ಹೋದ ಮೇಲೆ ಚಿಕ್ಕಳಿಯ ಹತ್ತಿರ ಬಂದ. "ಅಣ್ಣಾ, ದೂರು ಹೇಳೋದಾದ್ರೆ ಚಕ್ರದ ಮೇಲೆ ಹೇಳ್ಬೇಕಿತ್ತು. ಸಿಕ್ಕಿಬೀಳ್ತಿದ್ದೆ. ಸೀಮೆಸುಣ್ಣ ಅಳಿಸೋದು, ಬೇರೆ ಕಡೆ ಬರೆಯೋದು, ಅಷ್ಟೇ ಮಾಡಿರೋದು ನಾನು."

"ಥೂ ನಿನ್ನ!"

"ಹಾರೋ ಮುಂಚೆ ಹೇಗೂ ಟೈರ್ ಬದಲಾಯಿಸ್ತಾರೆ. ಟ್ಯಾಂಕ್ ಬದಲಾಯಿಸ್ತಾರಾ? ಅದಕ್ಕೆ ಮಾತ್ರ ದಿನಾ ಬೆಳಿಗ್ಗೆ ಐದಕ್ಕೆ ಬರ್ತಿದ್ದೆ. ನೀವು ಬರೋ ಹೊತ್ತಿಗೆ ನಿದ್ದೆ ಎಳೀತಿತ್ತು."

"ಐದಕ್ಕೇ ಯಾಕೆ?"

"ರಾತ್ರಿಯೆಲ್ಲ ತಣ್ಣಗೆ, ಅಲುಗಾಡದೆ ನಿಂತಿರತ್ತಲ್ಲ, ನೀರೆಲ್ಲ ತಳಕ್ಕೆ ಇಳಿದಿರತ್ತೆ. ನೀವು ಎಳೆದಾಡಿದ ಬೆನ್ನಲ್ಲೇ ಬಿಡ್ತೀರಿ. ಕದಡಿದ ಬಾವೀಲಿ ತಳ ನೋಡಿದ ಹಾಗೆ. ಹೇಳೋಣ ಅಂತಿದ್ದೆ. ದೊಡ್ಡೋರು, ಬೇಜಾರು ಮಾಡ್ಕೋತೀರ ಅಂತ ಸುಮ್ನಾದೆ."

ನನಗೆ ಬುದ್ಧಿ ಹೇಳಲು ಬಂದ ಸೋಮಾರಿ ಎಂದುಕೊಳ್ಳುತ್ತ ದೊಡ್ಡಳಿಯ ಮನೆಗೆ ಹೋದ. ಆದರೆ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತ್ತು. ಮರುದಿನ ಐದೂವರೆಗೆ, ಇಬ್ಬನಿ ಆರುವ ಮೊದಲೇ, ಟೈರಿಲ್ಲದೆ ಮರದ ದಿಮ್ಮಿಗಳ ಮೇಲೆ ಕೂತಿದ್ದ ಏಳರ ರೆಕ್ಕೆಯಡಿ ಬಾಗಿ ಸೀಸೆ ಹಿಡಿದ.

ಮೊದಲು ನೀರು ಬಂತು. ಅರ್ಧ ಸೀಸೆ. ಆಮೇಲೆ ಕಪ್ಪು ಎಳೆಗಳು, ಲೋಳೆಲೋಳೆಯಾಗಿ, ನೆನೆದ ಬತ್ತಿಯ ಹಾಗೆ. ಇನ್ನೊಂದು ಸೀಸೆ ಹಿಡಿದ. ಅದೇ. ಮೂರು ವರ್ಷದ ನೂರೈವತ್ತು ಸೋಮವಾರ, ನೂರೈವತ್ತು ಸಹಿ.

ಈ ವಿಮಾನ ಇನ್ನು ಹಾರುವುದಿಲ್ಲ, ಇದರ ಹೊಟ್ಟೆಯೊಳಗೆ ಏನಿದ್ದರೇನು ಎನ್ನುವಂತಿರಲಿಲ್ಲ. ಅವತ್ತು ಒಂಬತ್ತಕ್ಕೆ ಏಳರ ಇಂಧನವನ್ನು ಟ್ಯಾಂಕರಿಗೆ ಎಳೆದು ಎಂಟಕ್ಕೆ ತುಂಬುವುದಿತ್ತು. ಕಳೆದ ಸೋಮವಾರವಷ್ಟೇ ಅವನ ಪುಸ್ತಕದಲ್ಲಿ 'ಶುದ್ಧ' ಎಂದು ಬರೆದಿತ್ತು; ಆ ಸಹಿಯನ್ನು ನಂಬಿ ಯಾರೂ ಮತ್ತೆ ಪರೀಕ್ಷಿಸುವುದಿಲ್ಲ.

ಸುಮ್ಮನಿದ್ದರೆ ಸಾಕಿತ್ತು. ಕೊಳೆ ಎಂಟಕ್ಕೆ ಹೋಗುತ್ತಿತ್ತು, ಪರೀಕ್ಷೆಯಲ್ಲಿ ಫಿಲ್ಟರು ಕಟ್ಟುತ್ತಿತ್ತು, ಚಿಕ್ಕಳಿಯನ ಪೆಟ್ಟಿಗೆ ಬಿಚ್ಚಬೇಕಾಗುತ್ತಿತ್ತು. ನೆಲದ ಮೇಲೆ ಕಟ್ಟಿದರೆ ಸರಿ. ಮೇಲೆ ಹೋದ ಮೇಲೆ ಕಟ್ಟಿದರೆ? ಹಾಗಾಗಲಿಕ್ಕಿಲ್ಲ ಎಂದು ಅವನ ಹೊಟ್ಟೆಕಿಚ್ಚೇ ಅವನಿಗೆ ಸಮಾಧಾನ ಹೇಳಿತು. ಮೂರು ಗಂಟೆ ಆ ಸಮಾಧಾನ ಕೇಳುತ್ತ ಕೂತಿದ್ದ.

ಟ್ಯಾಂಕರು ಗೇಟು ದಾಟಿ ಬರುವುದು ಕಂಡಾಗ ಎದ್ದ. ಎರಡು ಸೀಸೆಯನ್ನೂ ಇಂಜಿನಿಯರಮ್ಮನ ಮೇಜಿನ ಮೇಲಿಟ್ಟ.

"ಎಂಟರದ್ದಾ?" ಅವಳು ಗಾಬರಿಯಾದಳು.

"ಏಳರದ್ದು. ನನ್ನದು. ನೀರು ಬಿಡೋ ಹೊತ್ತೇ ತಪ್ಪಾಗಿತ್ತು. ಟ್ಯಾಂಕರ್ ನಿಲ್ಲಿಸಿ."

ಚಿಕ್ಕಳಿಯ ಬಾಗಿಲಲ್ಲಿ ನಿಂತಿದ್ದ. ಸೀಸೆ ನೋಡಿದ, ಷಡ್ಡಕನ ಮುಖ ನೋಡಿದ. "ಅಣ್ಣಾ..."

"ಏನೂ ಮಾತಾಡ್ಬೇಡ. ಮಾತಾಡಿದ್ರೆ ಚಕ್ರದ ಕತೆ ಹೇಳಿಬಿಡ್ತೀನಿ."

ಇಂಜಿನಿಯರಮ್ಮ ಇಬ್ಬರನ್ನೂ ನೋಡಿ, ಏನನ್ನೂ ಕೇಳದೆ ಫೋನು ಎತ್ತಿಕೊಂಡಳು.

ಎಂಟನೇ ನಂಬರು ಹೊಸ ಇಂಧನದಲ್ಲಿ ಹಾರಿತು. ಅದು ಏಳುವಾಗ ದೊಡ್ಡಳಿಯ ತಲೆ ಎತ್ತಿ ನೋಡಲಿಲ್ಲ. ಟೈರುಗಳು ಅದರ ಹೊಟ್ಟೆಯೊಳಗೆ ಸೇರಿದ ಮೇಲೆ ನೋಡಿದ. ಹೊಟ್ಟೆಕಿಚ್ಚು ಆರಿರಲಿಲ್ಲ, ಅದು ಅಷ್ಟು ಬೇಗ ಆರುವಂಥದ್ದೂ ಅಲ್ಲ. ಅವನು ಕಳೆದುಕೊಂಡದ್ದು ಕಾಯಂ ಕೆಲಸ, ಆ ವರ್ಷದ ಸಂಬಳದ ಏರಿಕೆ, ಕೆಲಸದಲ್ಲಿ ತಪ್ಪೇ ಮಾಡದವನೆಂಬ ಹೆಸರು. ಉಳಿಸಿದ್ದು ಒಂದು ವಿಮಾನ, ಅದರೊಳಗೆ ಹೋದ ಹನ್ನೊಂದು ಜನ. ಅವರಲ್ಲೊಬ್ಬ ಅವನ ಷಡ್ಡಕ.