ಪಿಳ್ಳಮ್ಮನ ಗೋಡೆ

ಸುಣ್ಣದ ವಾಸನೆ, ಹಸಿ ಸುಣ್ಣ, ಯಾರ ಮನೇಲಿ ಬಳೀತಿದಾರೋ ಬೆಳಿಗ್ಗೆ ಬೆಳಿಗ್ಗೆ, ಶಾಂತಿ ಮಗ್ಗುಲಾದಳು, ಭಾನುವಾರ, ಪಾಠ ಹೇಳೋಕೆ ಸ್ಕೂಲಿಗೆ ಹೋಗಬೇಕಿಲ್ಲ, ಸದ್ಯ ಹೆಡ್‌ಮಿಸ್ ಮುಖ ನೋಡಬೇಕಿಲ್ಲ — ನಿನ್ನೆ ಆಕೆ ಬಾಗಲಗುಂಟೆಯ ಈ ಗಲ್ಲಿಗೆ ಯಾಕಾದರೂ ಬಂದರೋ, ಜೊತೆಗೆ ಕ್ಯಾಮೆರಾ ಹಿಡಿದ ಗೆಳತಿ, ಚಿತ್ರಕಲೆ ಕಲಿಸುವ ಮೇಡಂ ಅಂತೆ, ಇಬ್ಬರೂ ವಠಾರದ ಉದ್ದಗೋಡೆಯ ಮುಂದೆ ನಿಂತೇಬಿಟ್ಟರು, ಅವ್ವ ಪಿಳ್ಳಮ್ಮನ ಗೋಡೆ, ಅಪ್ಪ ಸತ್ತು ತಮ್ಮ ರಾಗಿ ಹೊಲದಲ್ಲಿ ಬಾಡಿಗೆ ಮನೆಗಳೆದ್ದ ವರ್ಷ ಅವ್ವ ಇದ್ದಿಲು ಹಿಡಿದದ್ದು, ಐವತ್ತು ದಾಟಿದ, ಅಕ್ಷರ ತಿದ್ದದ ಕೈ, ಯಾರೂ ಹೇಳಿಕೊಟ್ಟದ್ದಲ್ಲ, ಕಣ್ ಮುಚ್ಚುದ್ರೆ ಕಾಣ್ತವೆ ಕಣವ್ವ, ನಾನೇನ್ಮಾಡ್ಲಿ ಅನ್ನುವಳು, ಕೆಮ್ಮಣ್ಣು, ಅರಿಶಿನ, ಪೀಣ್ಯದ ಫ್ಯಾಕ್ಟರಿ ಶೆಡ್ಡಿನವರು ಎಸೆದ ಪೇಂಟ್ ಡಬ್ಬಗಳ ತಳದ ನೀಲಿ — ಹನ್ನೊಂದು ವರ್ಷ, ಮೆಟ್ರೋ ಕಂಬಗಳೇ ಕಾಲಾದ, ಹೊಗೆ ಕೊಳವೆಗಳೇ ಕೊಂಬಾದ ಹಸು, ಅದರ ಹೊಟ್ಟೆಯೊಳಗೆ ಕೆರೆ, ಕೆರೆಯ ತಳದಲ್ಲಿ ಶಿಫ್ಟು ಮುಗಿಸಿ ಮಲಗಿದ ನೂರಾರು ಜನ, ಬಾಡಿಗೆಯವರ ಮಕ್ಕಳು ಹೆದರಿ ಅಳುತ್ತಿದ್ದವು, ಒಮ್ಮೊಮ್ಮೆ ಶಾಂತಿಯೂ ಕೆಲಸ ಮರೆತು ಅದರ ಮುಂದೆ ನಿಂತುಬಿಡುತ್ತಿದ್ದಳು, ಅದನ್ನು ಅವ್ವನಿಗೆ ಒಂದು ಸಲವಾದರೂ ಹೇಳಿದ್ದುಂಟೇ.

ಯಾರ್ರೀ ಶಾಂತಿ ಇದನ್ನ ಬರೆದಿದ್ದು, ಹೆಡ್‌ಮಿಸ್ ಹುಬ್ಬು ಗಂಟಿಕ್ಕಿದ್ದರು, ಬಿಸಿಲಿಗೂ ಇರಬಹುದು, ಯಾರೋ ಹಳೇ ಬಾಡಿಗೆಯವಳು ಮೇಡಂ, ತಲೆ ಸರಿ ಇರ್ಲಿಲ್ಲ, ಖಾಲಿ ಮಾಡ್ಕೊಂಡು ಹೋದ್ಲು — ಎಷ್ಟು ಸಲೀಸಾಗಿ ಬಂತು, ನಾಲಿಗೆ ತಡವರಿಸಲೂ ಇಲ್ಲ, ಅಯ್ಯೋ, ಇಂಥ ಕೆಲಸ ನಾನೆಲ್ಲೂ ನೋಡಿಲ್ಲ ಕಣ್ರೀ, ಅವರು ಸಿಗೋದೇ ಇಲ್ವಾ, ಅನ್ನುತ್ತಾ ಗೆಳತಿ ಗೋಡೆಯನ್ನು ಮುಟ್ಟಿದರು, ಮಗುವಿನ ಕೆನ್ನೆ ಮುಟ್ಟಿದ ಹಾಗೆ, ಆಗಲಾದರೂ ಹೇಳಬಹುದಿತ್ತು, ಬಾಯಿ ತೆರೆದಿದ್ದಳು ಕೂಡ, ತಿರುಗಿದರೆ ಬಚ್ಚಲ ಬಾಗಿಲಲ್ಲಿ ಅವ್ವ, ನೀಲಿ ಹತ್ತಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾ, ಕೆಲಸದವರಾ, ಹೆಡ್‌ಮಿಸ್ ಕೇಳಿದರು, ಶಾಂತಿ ಹೂಂ ಅಂದಳು. ಹೂಂ ಅಂದಳು. ಅವರು ಹೋದಮೇಲೆ ಅವ್ವ ಮುದ್ದೆ ಬಡಿಸಿದಳು, ಸಾರಿಗೆ ಉಪ್ಪು ಸಾಕಾ ಅಂದಳು, ಬೈದಿದ್ದರೆ, ಒಂದು ಬೈಗುಳ — ಸುಣ್ಣದ ವಾಸನೆ ಜಾಸ್ತಿಯಾಗುತ್ತಿದೆ, ಬಹಳ ಹತ್ತಿರ, ಎದ್ದಳು, ಬಾಗಿಲು ತೆರೆದಳು, ಸ್ಟೂಲಿನ ಮೇಲೆ ಪಿಳ್ಳಮ್ಮ, ಬಕೆಟ್, ಬ್ರಶ್ಶು, ಗೋಡೆಯ ಈ ತುದಿಯಿಂದ ಆ ತುದಿ — ಅವ್ವಾ, ಏನಿದು. ನಿಮ್ ಮೇಡಂ ಇನ್ನೊಂದ್ಸಲ ಬಂದ್ರೆ ನಿಂಗೆ ನಾಚ್ಕೆ ಆಗ್ಬಾರ್ದು ಕಣವ್ವ, ಓಗು, ಕಾಪಿ ಕಾಯ್ಸಿಟ್ಟಿವ್ನಿ ಕುಡಿ. ಹಸಿ ಸುಣ್ಣದಡಿ ಹಸು ಇನ್ನೂ ಮಸುಕಾಗಿ ಕಾಣುತ್ತಿದೆ, ಒಣಗಿದಷ್ಟೂ ಬಿಳಿಯಾಗುತ್ತಾ, ಬಟ್ಟೆ ತಂದು ಒರೆಸಿದರೆ ಈಗಲೂ, ಬಿಸಿಲೇರುವ ಮುಂಚೆ, ಈಗಲೇ — ಹೊಸ್ತಿಲಲ್ಲೇ ನಿಂತಿದ್ದಾಳೆ, ಅವ್ವನ ಕೈ, ಮೊಣಕೈವರೆಗೂ ಬಿಳಿ, ಆ ಕೈ.