ವಾರಗಿತ್ತಿಯ ನಕ್ಷತ್ರಗಳು

ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೆ ಬಂದಾಗ ಇಬ್ಬರು ವಾರಗಿತ್ತಿಯರ ಫೋನಿಗೂ ಹಲ್ಲಿನ ಆ್ಯಪ್ ಹಾಕಿಕೊಟ್ಟು ಹೋಗಿದ್ದಳು. ಹಲ್ಲುಜ್ಜುವಾಗ ಫೋನು ಪಕ್ಕದಲ್ಲಿದ್ದರೆ ಸಾಕು, ಬ್ರಷ್ಷಿನ ಸದ್ದನ್ನು ಅದು ಕೇಳಿಸಿಕೊಳ್ಳುತ್ತದೆ. ಎರಡು ನಿಮಿಷಕ್ಕೊಂದು ನಕ್ಷತ್ರ. ಮನೆಯವರ ನಕ್ಷತ್ರಗಳೆಲ್ಲ ಒಂದೇ ಪುಟದಲ್ಲಿ ಕಾಣುತ್ತವೆ.

ತಿಂಗಳು ತುಂಬುವ ಹೊತ್ತಿಗೆ ಕಿರಿಯಳ ಸಾಲು ಹಿರಿಯಳದ್ದಕ್ಕಿಂತ ಎರಡು ಪಟ್ಟು ಉದ್ದವಾಗಿತ್ತು. ಅತ್ತೆಗೆ ಓದಲು ಬಾರದಿದ್ದರೂ ಉದ್ದ ಗಿಡ್ಡ ಕಾಣುತ್ತಿತ್ತು.

“ಬಾಯಿ ಶುದ್ಧ ಅಂದ್ರೆ ಚಿಕ್ಕೋಳದ್ದು ನೋಡು,” ಎಂದಳು.

ಆ ಮಾತಿನ ಎರಡೂ ಅರ್ಥ ಹಿರಿಯಳಿಗೆ ಚುಚ್ಚಿದವು. ಇಪ್ಪತ್ತು ವರ್ಷದಿಂದ ಅತ್ತೆಯ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಲೆಂದು ಕಾದಿದ್ದಳು. ಈಗ ಬಂದದ್ದು ಪಕ್ಕದವಳ ಮಡಿಲಿಗೆ ಬಿತ್ತು.

ಗಡಸು ಬ್ರಷ್ ತಂದಳು. ಉಂಡಾಗಲೆಲ್ಲ ಉಜ್ಜಿದಳು, ಪಾತ್ರೆಯ ಮಸಿ ತಿಕ್ಕುವ ಹಾಗೆ. ಆ್ಯಪ್ ಪ್ರತಿ ಸಲವೂ ಶಭಾಷ್ ಎಂದಿತು. ಉಗುಳಿದ ನೀರು ಕೆಂಪಗಾಯಿತು, ಎಡಗಡೆಯ ವಸಡು ಊದಿತು. ಯಾರಿಗೂ ಹೇಳದೆ ಬಲಗಡೆಯಲ್ಲೇ ಅಗಿದಳು. ಹೇಳಿದರೆ ಸೋತಂತೆ.

ಆದರೂ ಕಿರಿಯಳ ಸಾಲೇ ಮುಂದಿತ್ತು, ಲೆಕ್ಕ ಕೂಡುತ್ತಿರಲಿಲ್ಲ. ಕಿರಿಯಳು ಉಜ್ಜುವುದು ದಿನಕ್ಕೆ ಎರಡೇ ಸಲ; ಇವಳು ಕಾದು ನೋಡಿದ್ದಳು. ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋದರೆ ಕಿರಿಯಳು ಕುಕ್ಕರುಗಾಲಲ್ಲಿ ಕೂತು ಹಾಲಿನ ಕ್ಯಾನು ತಿಕ್ಕುತ್ತಿದ್ದಳು. ಕಟ್ಟೆಯ ಮೇಲಿದ್ದ ಫೋನು ಟಿಣ್ ಎಂದಿತು. ಒಂದು ನಕ್ಷತ್ರ.

“ಕ್ಯಾನಿಗೂ ಕೊಡ್ತದೇನೇ ಇದು?”

“ಅದಕ್ಕೇನ್ ಗೊತ್ತಾಗುತ್ತಕ್ಕ. ಬಂದ್ ಮಾಡೋಕೆ ನಂಗೆ ಬರಲ್ಲ, ಹಂಗೇ ಬಿಟ್ಟಿದೀನಿ. ನಮ್ಮ ಕ್ಯಾನಿಗೆ ಇನ್ನು ಹುಳುಕು ಹಿಡಿಯಲ್ಲ ಬಿಡು.”

ಹಿರಿಯಳಿಗೆ ಕುಣಿಯುವಷ್ಟು ಖುಷಿಯಾಯಿತು. “ಅತ್ತೇ” ಎಂದು ಕೂಗಲು ಬಾಯಿ ಅಗಲಿಸಿದ್ದೇ ದವಡೆಯಲ್ಲಿ ಸಿಡಿದಂತಾಗಿ ಕೆನ್ನೆ ಹಿಡಿದುಕೊಂಡಳು. ಕಿರಿಯಳು ಒದ್ದೆ ಕೈಯಲ್ಲೇ ಅವಳ ಮುಖವನ್ನು ಬೆಳಕಿಗೆ ತಿರುಗಿಸಿದಳು.

“ಎಷ್ಟು ದಿನದಿಂದ ಮುಚ್ಚಿಟ್ಟಿದೀಯ? ನಡಿ, ಸೀರೆ ಬದಲಾಯಿಸು.”

ಹಲ್ಲಿನ ಡಾಕ್ಟರು ಊದಿದ ವಸಡು ನೋಡಿ, ಕಿರಿಯಳಿಂದ ಆ್ಯಪಿನ ವಿಷಯ ಕೇಳಿ ತಲೆಯಾಡಿಸಿದರು. “ಎಷ್ಟು ಹೊತ್ತು ಉಜ್ಜಿದ್ರಿ ಅಂತ ಆ್ಯಪ್ ಕೇಳುತ್ತೆ. ಎಷ್ಟು ಜೋರಾಗಿ ಅಂತ ಕೇಳಲ್ಲ, ನೋಯ್ತಾ ಇದೆಯಾ ಅಂತಲೂ ಕೇಳಲ್ಲ. ಮರೆಯೋರಿಗೆ ನೆನಪು ಮಾಡೋಕೆ ಸರಿ, ಅಷ್ಟೇ.” ಕೀವು ತೆಗೆದು ಹತ್ತಿ ತುರುಕಿ, ಒಂದು ಗಂಟೆ ಬಾಯಿ ತೆರೆಯಬೇಡಿ ಎಂದರು. ಬಂದದ್ದಕ್ಕೆ ಕಿರಿಯಳ ಬಾಯನ್ನೂ ನೋಡಿದರು.

“ಒಂದು ಕಲೆ ಇಲ್ಲವಲ್ಲಮ್ಮ. ಉಜ್ಜೋದು ಯಾರು ಕಲಿಸಿದ್ದು?”

“ನಮ್ಮಕ್ಕನೇ. ಮದುವೆಯಾಗಿ ಬಂದ ಹೊಸದರಲ್ಲಿ ಮೆತ್ತಗೆ ಉಜ್ಜು, ಮೆತ್ತಗೆ ಉಜ್ಜು ಅಂತ ದಿನಾ ಹೇಳೋಳು.”

ಹೇಳಿದ್ದು ನಿಜ. ಬ್ರಷ್ ಬೇಗ ಸವೆಯುತ್ತದೆಂದು ಹೇಳಿದ್ದು.

ಬಸ್ಸಿನಲ್ಲಿ ಕಿರಿಯಳು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಕ್ಯಾನಿನ ಗುಟ್ಟೊಂದು ತನ್ನ ಕೈಯಲ್ಲಿದೆ ಎಂಬ ಸಮಾಧಾನದಲ್ಲೇ ಹಿರಿಯಳು ದಾರಿ ಕಳೆದಳು. ಆದರೆ ಹೊಸ್ತಿಲು ದಾಟುತ್ತಲೇ ಕಿರಿಯಳು ಅದನ್ನೂ ತಾನೇ ಹೇಳಿಬಿಟ್ಟಳು. ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಕ್ಯಾನು ತಿಕ್ಕಿ ಸಂಪಾದಿಸಿದ್ಲಂತೆ! ಮನಸ್ಸಲ್ಲಿ ಏನೂ ಇಟ್ಕೊಳ್ಳೋಳಲ್ಲ ನಮ್ಮ ಚಿಕ್ಕೋಳು.”

ಹಿರಿಯಳು ಗೋಡೆಯ ಗಡಿಯಾರ ನೋಡಿದಳು. ಹತ್ತಿ ತೆಗೆಯಲು ಇನ್ನೂ ಹತ್ತು ನಿಮಿಷವಿತ್ತು. ತೆಗೆದ ಮೇಲೆ ಹೇಳಲು ಏನೂ ಉಳಿದಿರಲಿಲ್ಲ.